ಓಲು, ವಾಲು, ಉರುಳು

ಬೆಳ್ಳಂದೂರಿನ ಹೊರವರ್ತುಲ ರಸ್ತೆಯ ಪಕ್ಕದಲ್ಲಿ ಬೆಳಗಿನ ಆರು ಗಂಟೆಗೆ ಹತ್ತು ನಿಮಿಷ ನಿಂತು ನೋಡುವ ತಾಳ್ಮೆಯುಳ್ಳವರಿಗೆ, ನಮ್ಮ ನಗರ ಜೀವನದ ಬೆನ್ನೆಲುಬು ಯಾವುದೆಂಬುದು ತಾನಾಗಿಯೇ ಗೋಚರಿಸುತ್ತದೆ. ಗಾಜಿನ ಮಹಡಿಗಳಲ್ಲಿ ಕುಳಿತು ದುಡಿಯುವವರ ಕಾರುಗಳು ಇನ್ನೂ ರಸ್ತೆಗೆ ಇಳಿದಿರುವುದಿಲ್ಲ. ಆ ಹೊತ್ತಿನಲ್ಲಿ ಅಲ್ಲಿ ರಾಜ್ಯವಾಳುವುವು ಪಿಕಪ್ ಗಾಡಿಗಳು. ಒಂದರಲ್ಲಿ ಕೋಸು, ಟೊಮೇಟೊ. ಇನ್ನೊಂದರಲ್ಲಿ ಕುಡಿಯುವ ನೀರಿನ ಕ್ಯಾನುಗಳು. ಮತ್ತೊಂದರಲ್ಲಿ ಮನೆ ಬದಲಾಯಿಸುತ್ತಿರುವ ಸಂಸಾರವೊಂದರ ಮಂಚ, ಬೀರು, ಹಾಸಿಗೆ, ತುಳಸಿಯ ಕುಂಡ. ಇಬ್ಬಲೂರಿನ ಬಳಿ ಇವು ಸರ್ಜಾಪುರ ರಸ್ತೆಯ ಕಡೆಗೆ ತಿರುಗುವಾಗ ಬೆನ್ನಮೇಲಿನ ಹೊರೆಯೆಲ್ಲ ಒಂದು ಪಕ್ಕಕ್ಕೆ ಬಾಗುತ್ತದೆ. ನೋಡುವವರ ಎದೆ ಒಮ್ಮೆ ಝಲ್ಲೆನ್ನುತ್ತದೆ. ಮರುಕ್ಷಣ ಗಾಡಿ ನೆಟ್ಟಗಾಗಿ ಮುಂದೆ ಸಾಗುತ್ತದೆ. ನಮ್ಮ ಅಡಿಗೆಮನೆಯ ತರಕಾರಿಯೂ, ಕುಡಿಯುವ ನೀರೂ ಹೀಗೆ ಬಾಗುತ್ತ, ಏಳುತ್ತ ಮನೆ ಸೇರುತ್ತಿವೆಯೆಂಬುದನ್ನು ನಾವು ಯಾರೂ ಅಷ್ಟಾಗಿ ಗಮನಿಸುವುದಿಲ್ಲ.

ಈ ಬಾಗುವಿಕೆಗೆ ಮದ್ದು ಎಂದು ಇತ್ತೀಚೆಗೆ ಒಂದು ಉಕ್ಕಿನ ಕಂಬಿಯ ಹೆಸರು ಕೇಳಿಬರುತ್ತಿದೆ. ಗಾಡಿ ಕೊಂಡ ಮೇಲೆ, ಹೊರಗಿನಿಂದ ತಂದು, ಹಿಂದಿನ ಅಚ್ಚಿಗೆ ಜೋಡಿಸಿಕೊಳ್ಳತಕ್ಕ ಕಂಬಿ ಅದು. ಅದಕ್ಕೆ ಸ್ವೇ ಬಾರ್ ಎಂದು ಹೆಸರು. ನಮ್ಮ ಬೀದಿಗೆ ನೀರಿನ ಕ್ಯಾನು ತಂದುಕೊಡುವ ಗೃಹಸ್ಥರೊಬ್ಬರು ಮೊನ್ನೆ ಈ ವಿಷಯವನ್ನೆತ್ತಿದರು.

“ಮೇಷ್ಟ್ರೇ, ಹಿಂದುಗಡೆ ಸ್ವೇ ಬಾರ್ ಹಾಕಿಸಿದರೆ ಗಾಡಿ ಪಲ್ಟಿ ಹೊಡೆಯೋದೇ ಇಲ್ಲವಂತೆ. ನಿಜವೇ?”

ಅವರ ಗಾಡಿ ಸಾಲದ್ದು. ರಜಾ ದಿನಗಳಲ್ಲಿ ಪಕ್ಕದ ಸೀಟಿನಲ್ಲಿ ಕುಳಿತು ಬರುವವನು ಅವರ ಹತ್ತು ವರ್ಷದ ಮಗ. ಆದ್ದರಿಂದ ಪ್ರಶ್ನೆ ಹಗುರವಾದುದಲ್ಲ. ಕನ್ನಡ ಎಂ.ಎ. ಮಾಡಿದವನನ್ನು ಕೇಳತಕ್ಕ ಪ್ರಶ್ನೆಯೇ ಇದು ಎಂದು ವಾಚಕರು ನಕ್ಕಾರು. ನಗಲಿ. ಆದರೆ ಆ ಪ್ರಶ್ನೆಯೊಳಗೆ ಯಂತ್ರಶಾಸ್ತ್ರದಷ್ಟೇ ಭಾಷೆಯೂ ಸೇರಿಕೊಂಡಿದೆಯೆಂಬುದು ನನ್ನ ನಂಬಿಕೆ.

ಕನ್ನಡದಲ್ಲಿ ಓಲು, ವಾಲು, ಉರುಳು ಎಂಬ ಮೂರು ಮಾತುಗಳಿವೆಯಷ್ಟೆ. ತೊಟ್ಟಿಲು ಓಲಾಡುತ್ತದೆ, ನೀರಿನ ಮೇಲೆ ದೋಣಿ ಓಲಾಡುತ್ತದೆ. ಎಂದರೆ ಅತ್ತ ಹೋದದ್ದು ಇತ್ತ ಬರುತ್ತದೆ, ಮತ್ತೆ ಅತ್ತ ಹೋಗುತ್ತದೆ. ಗೊನೆಯ ಭಾರಕ್ಕೆ ಬಾಳೆಯ ಗಿಡ ವಾಲುತ್ತದೆ, ಹಳೆಯ ಗೋಡೆ ವಾಲುತ್ತದೆ; ಎಂದರೆ ಒಂದೇ ಪಕ್ಕಕ್ಕೆ ಬಾಗಿ ನಿಲ್ಲುತ್ತದೆ. ಉರುಳುವುದೆಂದರೆ ಬೇರೆಯೇ ಕಥೆ. ಉರುಳಿದ್ದು ತಾನಾಗಿ ಮತ್ತೆ ಮೇಲೇಳಲಾರದು. ನಮ್ಮ ಹಳ್ಳಿಯ ಗಾಡಿ ಹೊಡೆಯುವವರು ಈ ಮೂರನ್ನೂ ಎಂದೂ ಬೆರೆಸಿದವರಲ್ಲ. ಗ್ಯಾರೇಜಿನ ಮಾತಿನಲ್ಲಿ ಮಾತ್ರ ಮೂರೂ ಒಂದೇ ಆಗಿಬಿಟ್ಟಿವೆ. ಅಲ್ಲಿಂದಲೇ ಅಪಾಯ ಪ್ರಾರಂಭವಾಗುವುದು. ಏಕೆಂದರೆ ಗಾಡಿಯಲ್ಲಿ ಈ ಮೂರಕ್ಕೂ ಬೇರೆ ಬೇರೆ ಮದ್ದು ಇದೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲು ಕಂಬಿಯ ಸ್ವರೂಪವನ್ನು ನೋಡೋಣ. ಒಳ್ಳೆಯ ಸ್ಪ್ರಿಂಗ್ ಉಕ್ಕಿನ ಒಂದು ದುಂಡನೆಯ ಸರಳು. ಎರಡು ತುದಿಗಳನ್ನೂ ಒಂದೇ ಕಡೆಗೆ ಬಗ್ಗಿಸಿ, ಅಗಲವಾದ ಲಾಳದಂತೆ ಮಾಡಿರುತ್ತಾರೆ. ಅದರ ನಡುಭಾಗವನ್ನು ರಬ್ಬರಿನ ಬುಷ್‌ಗಳ ಮೂಲಕ ಹಿಂದಿನ ಅಚ್ಚಿಗೂ, ಎರಡು ತುದಿಗಳನ್ನು ಚಿಕ್ಕ ಲಿಂಕುಗಳ ಮೂಲಕ ಮೇಲಿನ ಚಾಸಿಗೂ ಜೋಡಿಸುವುದು ವಾಡಿಕೆ. ಇಷ್ಟೇ. ಇದರಲ್ಲಿ ತಿರುಗುವ ಚಕ್ರವಿಲ್ಲ, ಎಣ್ಣೆಯಿಲ್ಲ, ವಿದ್ಯುತ್ತಿಲ್ಲ. ಕೆನಡಾ ದೇಶದ ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಫ್ರೆಡರಿಕ್ಟನ್ ಪಟ್ಟಣದವನಾದ ಸ್ಟೀಫನ್ ಕೋಲ್ಮನ್ ಎಂಬಾತನಿಗೆ ೧೯೧೯ರ ಏಪ್ರಿಲ್ ೨೨ರಂದು ಇಂಥ ಸಾಧನಕ್ಕೆ ಪೇಟೆಂಟ್ ದೊರೆಯಿತು. ನೂರು ವರ್ಷ ದಾಟಿದರೂ ಅದರ ತತ್ತ್ವ ಬದಲಾಗಿಲ್ಲ.

ಆ ತತ್ತ್ವವನ್ನು ತಿಳಿಯಲು ಕಾರ್ಖಾನೆಗೆ ಹೋಗಬೇಕಾದುದಿಲ್ಲ; ಮನೆಯ ಹಿತ್ತಿಲಿಗೆ ಬಂದರೆ ಸಾಕು. ಒಗೆದ ಜಮಖಾನವನ್ನು ಇಬ್ಬರು ಎರಡು ಕೊನೆಗಳಲ್ಲಿ ಹಿಡಿದು ಹಿಂಡುವುದನ್ನು ನೋಡಿದ್ದೀರಷ್ಟೆ. ಇಬ್ಬರೂ ಒಂದೇ ಕಡೆಗೆ ತಿರುಗಿಸಿದರೆ ಜಮಖಾನ ಸುಮ್ಮನೆ ಹೊರಳುತ್ತದೆಯೇ ಹೊರತು ಒಂದು ಹನಿ ನೀರೂ ಇಳಿಯದು. ಒಬ್ಬರು ಅತ್ತ, ಒಬ್ಬರು ಇತ್ತ ತಿರುಗಿಸಿದಾಗಲೇ ಅದು ಹುರಿಗೊಳ್ಳುವುದು. ಹುರಿಗೊಂಡದ್ದು ಬಿಚ್ಚಿಕೊಳ್ಳಲು ಕೈಯೊಡನೆ ಸೆಣಸುವುದು. ಸ್ವೇ ಬಾರಿನ ನಡತೆಯೂ ಹೀಗೆಯೇ. ರಸ್ತೆಯ ಉಬ್ಬಿನ ಮೇಲೆ ಎರಡು ಚಕ್ರಗಳೂ ಒಟ್ಟಿಗೆ ಏರಿದಾಗ ಕಂಬಿ ಬುಷ್ಷಿನೊಳಗೆ ಸುಮ್ಮನೆ ತಿರುಗುತ್ತದೆ, ಏನೂ ಮಾಡುವುದಿಲ್ಲ. ತಿರುವಿನಲ್ಲಿ ಗಾಡಿಯ ಮೈ ಒಂದು ಪಕ್ಕಕ್ಕೆ ಬಾಗಿದಾಗ ಒಂದು ತುದಿ ಕೆಳಕ್ಕೆ, ಇನ್ನೊಂದು ಮೇಲಕ್ಕೆ ಹೋಗಿ, ನಡುವಿನ ಸರಳು ಹುರಿಗೊಳ್ಳುತ್ತದೆ. ಅದು ಬಿಚ್ಚಿಕೊಳ್ಳಲು ಹವಣಿಸುವ ಬಲವೇ ಗಾಡಿಯ ಮೈಯನ್ನು ನೆಟ್ಟಗೆ ಹಿಡಿಯುವ ಬಲ.

ಪಿಕಪ್ ಗಾಡಿಗೇ ಇದು ವಿಶೇಷವಾಗಿ ಏಕೆ ಬೇಕೆನಿಸುತ್ತದೆ? ಈ ಗಾಡಿಗಳ ಹಿಂಭಾಗ, ಹಿಂದಿನ ಕಾಲದ ಜಟಕಾದಂತೆ, ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಮೇಲೆ ಕುಳಿತಿರುತ್ತದೆ. ೨೦೦೫ರಲ್ಲಿ ಬಂದ ಮುಕ್ಕಾಲು ಟನ್ನಿನ ಟಾಟಾ ಏಸ್ ಆಗಲಿ, ೨೦೧೬ರಲ್ಲಿ ಬಂದ ಇಸುಜು ವಿ-ಕ್ರಾಸ್ ಆಗಲಿ, ೨೦೨೨ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಟೊಯೋಟಾ ಹೈಲಕ್ಸ್ ಆಗಲಿ, ಈ ವಿಷಯದಲ್ಲಿ ಒಂದೇ ಕುಲದವು. ಕಮಾನು ಹೊರೆ ಹೊರುವುದರಲ್ಲಿ ಗಟ್ಟಿಗ. ಆದರೆ ಎರಡು ಕಮಾನುಗಳೂ ಚಕ್ರಗಳಿಗಿಂತ ಒಳಗೆ, ಒಂದಕ್ಕೊಂದು ಹತ್ತಿರದಲ್ಲಿ ಕುಳಿತಿರುವುದರಿಂದ ಬಾಗುವುದನ್ನು ತಡೆಯುವ ಶಕ್ತಿ ಅವಕ್ಕೆ ಕಡಿಮೆ. ಕಾಲುಗಳನ್ನು ಜೋಡಿಸಿ ನಿಂತವನನ್ನು ತಳ್ಳುವುದು ಸುಲಭ, ಅಗಲಿಸಿ ನಿಂತವನನ್ನು ತಳ್ಳುವುದು ಕಷ್ಟ; ಅದೇ ನ್ಯಾಯ. ಅನೇಕ ಗಾಡಿಗಳಲ್ಲಿ ಮುಂದಿನ ಚಕ್ರಗಳಿಗೆ ಕಾರ್ಖಾನೆಯವರೇ ಸ್ವೇ ಬಾರನ್ನು ಕೊಟ್ಟಿರುತ್ತಾರೆ; ಹಿಂದಕ್ಕೆ ಕಮಾನೇ ಸಾಕೆಂದು ಬಿಟ್ಟಿರುತ್ತಾರೆ. ಆ ಕೊರತೆಯನ್ನು ತುಂಬುವುದೇ ಹೊರಗಿನಿಂದ ತಂದು ಹಾಕುವ ಕಂಬಿಯ ಕೆಲಸ. ಅದು ಸುಳ್ಳು ಸರಕಲ್ಲ. ಹಾಕಿಸಿದವರು ತಿರುವಿನಲ್ಲಿ ಗಾಡಿ ಹಿಡಿತಕ್ಕೆ ಸಿಕ್ಕಿತೆಂದು ಹೇಳುವುದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಆದರೆ ಹೆಸರು ಮಾತ್ರ ದಾರಿ ತಪ್ಪಿಸುವಂಥದು. ಇಂಗ್ಲಿಷಿನ ‘ಸ್ವೇ’ ಎಂಬುದನ್ನು ಓಲಾಟವೆಂದು ತಿಳಿದರೆ, ಈ ಕಂಬಿ ಓಲಾಟವನ್ನು ನಿಲ್ಲಿಸುವುದಿಲ್ಲ. ಗುಂಡಿ ದಾಟಿದ ಮೇಲೂ ಗಾಡಿ ನಾಲ್ಕಾರು ಬಾರಿ ಅತ್ತಿತ್ತ ತೂಗಿದರೆ, ದೋಷ ಷಾಕ್ ಅಬ್ಸಾರ್ಬರಿನಲ್ಲಿದೆಯೆಂದು ಅರ್ಥ. ಕಂಬಿ ವಾಲುವುದನ್ನು ಕಡಿಮೆ ಮಾಡುತ್ತದೆ, ಅಷ್ಟೇ. ಹೊರೆಯಿಂದ ಗಾಡಿಯ ಹಿಂಭಾಗ ಕುಸಿದಿದ್ದರೆ ಅದನ್ನು ಎತ್ತಲಾರದು. ಏಕೆಂದರೆ ಭಾರ ಹೊರುವುದು ಅದರ ಕೆಲಸವೇ ಅಲ್ಲ. ಇನ್ನು ಉರುಳುವ ಮಾತು. ನೀರಿನ ಗೃಹಸ್ಥರು ಕೇಳಿದ್ದು ಅದನ್ನೇ.

ವಾಲುವುದಕ್ಕೂ ಉರುಳುವುದಕ್ಕೂ ನಮ್ಮ ಸುತ್ತಮುತ್ತಲೇ ನಿದರ್ಶನಗಳಿವೆ. ೨೦೨೫ರ ಸೆಪ್ಟೆಂಬರಿನಲ್ಲಿ, ಬೆಳ್ಳಂದೂರಿಗೆ ಸಮೀಪದ ಪಣತ್ತೂರು-ಬಳಗೆರೆ ರಸ್ತೆಯಲ್ಲಿ, ನೀರು ತುಂಬಿದ ಹಾಳು ರಸ್ತೆಯಲ್ಲಿ ಶಾಲೆಯ ಬಸ್ಸೊಂದು ಒಂದು ಪಕ್ಕಕ್ಕೆ ವಾಲಿ ನಿಂತಿತು. ಒಳಗಿದ್ದ ಮಕ್ಕಳನ್ನು ಕ್ಷೇಮವಾಗಿ ಹೊರಗೆ ಇಳಿಸಿಕೊಂಡರು. ಅದೇ ವರ್ಷದ ಮಾರ್ಚಿಯಲ್ಲಿ, ಆನೇಕಲ್ ತಾಲ್ಲೂಕಿನ ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಸಾಗುತ್ತಿದ್ದ, ನೂರು ಅಡಿಗೂ ಮಿಕ್ಕ ಎತ್ತರದ ತೇರುಗಳು ಗಾಳಿಮಳೆಗೆ ಸಿಕ್ಕಿ ಉರುಳಿದವು, ಪ್ರಾಣಹಾನಿಯೂ ಆಯಿತು. ಅದರ ಹಿಂದಿನ ವರ್ಷ, ೨೦೨೪ರ ಏಪ್ರಿಲಿನಲ್ಲಿಯೂ ಅಲ್ಲಿ ತೇರೊಂದು ಉರುಳಿತ್ತು. ಅಷ್ಟೆತ್ತರದ ತೇರನ್ನು ನೆಟ್ಟಗಿಡಲು ಭಕ್ತರು ಹಗ್ಗಗಳನ್ನು ಹಿಡಿದಿರುತ್ತಾರೆ. ಎಲ್ಲಿಯವರೆಗೆ ತೇರಿನ ತೂಕದ ನಡು ಅದರ ಚಕ್ರಗಳ ಅಗಲದೊಳಗೆ ಬೀಳುತ್ತದೆಯೋ ಅಲ್ಲಿಯವರೆಗೆ ಹಗ್ಗ ನೆರವಾಗುತ್ತದೆ. ಆ ಗೆರೆಯನ್ನು ದಾಟಿದ ಮೇಲೆ ಹಿಡಿದವರ ಕೈಯೇ ಹಗ್ಗದೊಡನೆ ಹೋಗಬೇಕು. ಬಸ್ಸು ಆ ಗೆರೆಯ ಈಚೆಗೆ ನಿಂತಿತು. ತೇರು ಆಚೆಗೆ ಹೋಯಿತು. ಎರಡಕ್ಕೂ ಇರುವ ವ್ಯತ್ಯಾಸ ಎತ್ತರ ಮತ್ತು ಅಗಲಗಳ ಲೆಕ್ಕ.

ಆ ಲೆಕ್ಕವನ್ನು ಪಿಕಪ್ಪಿಗೆ ಅನ್ವಯಿಸಿ ಕಾಗದದ ಮೇಲೆ ಮಾಡಿ ನೋಡೋಣ. ಹೈಸ್ಕೂಲಿನ ಗಣಿತಕ್ಕಿಂತ ಹೆಚ್ಚಿನದೇನೂ ಬೇಡ. ಇಪ್ಪತ್ತು ಮೀಟರ್ ತ್ರಿಜ್ಯದ ಒಂದು ತಿರುವು ಎಂದಿಟ್ಟುಕೊಳ್ಳಿ. ಗಂಟೆಗೆ ೨೦ ಕಿಲೋಮೀಟರು ವೇಗದಲ್ಲಿ ತಿರುಗಿದರೆ ಗಾಡಿಯನ್ನು ಹೊರಕ್ಕೆ ನೂಕುವ ಬಲ ಅದರ ತೂಕದ ಶೇಕಡ ೧೬ರಷ್ಟು. ವೇಗವನ್ನು ೪೦ಕ್ಕೆ ಏರಿಸಿದರೆ ಆ ಬಲ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ: ಶೇಕಡ ೬೩. ಇನ್ನು ಗಾಡಿಯ ಎಡ-ಬಲ ಚಕ್ರಗಳ ನಡುವಣ ಅಂತರ ೧.೪ ಮೀಟರು, ಹೊರೆ ಸಹಿತವಾದ ಗಾಡಿಯ ತೂಕದ ನಡು ನೆಲದಿಂದ ೧.೧ ಮೀಟರು ಎತ್ತರದಲ್ಲಿದೆ ಎಂದುಕೊಳ್ಳೋಣ. ತಿರುವಿನಲ್ಲಿ ವಾಲಿದಾಗ ಆ ನಡು ಹತ್ತು ಸೆಂಟಿಮೀಟರು ಹೊರಕ್ಕೆ ಸರಿಯಿತು ಎನ್ನಿ. ಆಗ ಗಂಟೆಗೆ ಸುಮಾರು ೩೭ ಕಿಲೋಮೀಟರು ವೇಗದಲ್ಲಿ ಒಳಗಡೆಯ ಚಕ್ರ ನೆಲ ಬಿಡಲು ಸಿದ್ಧವಾಗುತ್ತದೆ.

ಈಗ ಕಂಬಿ ಹಾಕಿಸಿದಿರಿ. ವಾಲುವುದು ಅರ್ಧಕ್ಕೆ ಇಳಿಯಿತು. ತೂಕದ ನಡು ಹತ್ತರ ಬದಲು ಐದೇ ಸೆಂಟಿಮೀಟರು ಸರಿಯಿತು. ಹೊಸ ಗಡಿ ಎಷ್ಟು? ಗಂಟೆಗೆ ಸುಮಾರು ೩೮.೭ ಕಿಲೋಮೀಟರು. ಲಾಭ ಒಂದೂವರೆ ಕಿಲೋಮೀಟರು. ಕಂಬಿಯಿಲ್ಲದೆಯೇ, ಹೊರೆಯನ್ನು ಜಾಣತನದಿಂದ ಪೇರಿಸಿ ತೂಕದ ನಡುವನ್ನು ೧.೧ ಮೀಟರಿನಿಂದ ೦.೯ ಮೀಟರಿಗೆ ಇಳಿಸಿದಿರಿ ಎನ್ನಿ. ಆಗಿನ ಗಡಿ ಗಂಟೆಗೆ ಸುಮಾರು ೪೧ ಕಿಲೋಮೀಟರು. ಲಾಭ ನಾಲ್ಕು ಕಿಲೋಮೀಟರು, ಖರ್ಚು ಸೊನ್ನೆ.

ಒಂದೂವರೆ ಕಿಲೋಮೀಟರಾದರೂ ಲಾಭವೇ ತಾನೇ ಎನ್ನಬಹುದು. ಸರಿ. ಆದರೆ ಮನುಷ್ಯನ ಸ್ವಭಾವವನ್ನೂ ಲೆಕ್ಕಕ್ಕೆ ಸೇರಿಸಬೇಕು. ವಾಲುವುದೆಂಬುದು ಗಾಡಿ ಆಡುವ ಮಾತು. ‘ಸಾಕು, ನಿಧಾನಿಸು’ ಎಂದು ಅದು ಸೀಟಿನ ಮೂಲಕ ಚಾಲಕನ ಸೊಂಟಕ್ಕೆ ಹೇಳುತ್ತದೆ. ಕಂಬಿ ಹಾಕಿಸಿದ ಮೇಲೆ ಆ ಮಾತು ಮೆಲ್ಲಗಾಗುತ್ತದೆ. ಮೊದಲು ಮೂವತ್ತರಲ್ಲಿ ಹೆದರುತ್ತಿದ್ದವನು ಮೂವತ್ತೈದರಲ್ಲಿಯೂ ನಿಶ್ಚಿಂತನಾಗಿ ತಿರುಗುತ್ತಾನೆ. ಕಂಬಿ ಕೊಟ್ಟದ್ದು ಒಂದೂವರೆ. ಅವನು ತೆಗೆದುಕೊಂಡದ್ದು ಐದು. ಉಳಿದ ಮೂರೂವರೆ ಯಾರ ಖಾತೆಯಿಂದ ಹೋಯಿತೆಂಬುದನ್ನು ಪಕ್ಕದ ಸೀಟಿನಲ್ಲಿ ಕುಳಿತ ಮಗನ ತಾಯಿ ಕೇಳಿದರೆ ಏನುತ್ತರ?

ಇನ್ನೊಂದು ಸೂಕ್ಷ್ಮವುಂಟು. ಹಿಂದಿನ ಕಂಬಿ ಎಷ್ಟು ಬಿಗಿಯೋ ತಿರುವಿನಲ್ಲಿ ಹಿಂಭಾಗದ ಹೊರಗಡೆಯ ಟೈರಿನ ಮೇಲೆ ಅಷ್ಟು ಹೆಚ್ಚಿನ ಒತ್ತಡ. ಒಳಗಡೆಯದಕ್ಕೆ ಅಷ್ಟು ಕಡಿಮೆ. ಹದವಾಗಿದ್ದರೆ ಇದು ಒಳ್ಳೆಯದೇ. ಮುಂಭಾಗ ಹೊರಕ್ಕೆ ಎಳೆಯುವ ಮೊಂಡುತನ ತಗ್ಗಿ ಗಾಡಿ ಚಕ್ಕನೆ ತಿರುಗುತ್ತದೆ. ಹದ ಮೀರಿದರೆ ಹಿಂದಿನ ಟೈರುಗಳ ಹಿಡಿತ ಮುಂದಿನವಕ್ಕಿಂತ ಮೊದಲೇ ಸಡಿಲವಾಗುತ್ತದೆ. ಹೊರೆ ಇಳಿಸಿ ಖಾಲಿಯಾಗಿ ಹಿಂದಿರುಗುವ ಪಿಕಪ್ಪಿನ ಹಿಂಭಾಗ ಮೊದಲೇ ಹಗುರ; ಮಳೆಯಲ್ಲಿ ನೆನೆದ ರಸ್ತೆಯಲ್ಲಿ ಅದು ಬಾಲ ಬೀಸಿದಂತೆ ಜಾರಬಹುದು. ಆದ್ದರಿಂದ ‘ದಪ್ಪನೆಯದನ್ನೇ ಹಾಕಿಬಿಡಿ’ ಎನ್ನುವುದು ವಿವೇಕವಲ್ಲ. ಸರಳಿನ ಬಿಗಿತ ಅದರ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ: ಇಪ್ಪತ್ತು ಮಿಲಿಮೀಟರಿನ ಬದಲು ಇಪ್ಪತ್ತೆರಡರದನ್ನು ಹಾಕಿದರೆ ಬಿಗಿತ ಹತ್ತರಷ್ಟಲ್ಲ, ಶೇಕಡ ೪೬ರಷ್ಟು ಹೆಚ್ಚುತ್ತದೆ, ಇಪ್ಪತ್ತೈದರದಾದರೆ ಸುಮಾರು ಎರಡೂವರೆ ಪಟ್ಟಾಗುತ್ತದೆ. ಕಣ್ಣಿಗೆ ಕಾಣುವುದು ಕಿರುಬೆರಳ ಉಗುರಿನಷ್ಟು ವ್ಯತ್ಯಾಸ. ರಸ್ತೆ ಕಾಣುವುದು ಬೇರೊಂದು ಗಾಡಿಯನ್ನು. ಬಿಗಿಯಾದ ಕಂಬಿಯಿದ್ದಾಗ ಒಂದೇ ಚಕ್ರ ಗುಂಡಿಗೆ ಇಳಿದರೆ ಆ ಕುಲುಕಾಟದಲ್ಲಿ ಸ್ವಲ್ಪ ಭಾಗ ಇನ್ನೊಂದು ಚಕ್ರಕ್ಕೂ ದಾಟುತ್ತದೆ. ಬೆಂಗಳೂರಿನ ರಸ್ತೆಗಳನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ನೀರು ಸಾಗಿಸುವವರಿಗೆ ಮತ್ತೊಂದು ಮಾತು. ೨೦೨೪ರ ಬೇಸಿಗೆಯ ನೀರಿನ ಬರದಲ್ಲಿ ನಗರದ ಎಷ್ಟೋ ಮನೆಗಳಿಗೆ ನೀರು ಬಂದದ್ದು ಗಾಡಿಗಳ ಮೇಲೆಯೇ. ಪಿಕಪ್ಪಿನ ಮೇಲೆ ಟ್ಯಾಂಕನ್ನಿರಿಸಿ ಅರ್ಧ ತುಂಬಿ ಹೊರಟರೆ, ತಿರುವಿನಲ್ಲಿ ಒಳಗಿನ ನೀರೆಲ್ಲ ಒಂದು ಗೋಡೆಗೆ ಹೋಗಿ ಬಡಿಯುತ್ತದೆ. ಗಾಡಿ ನೆಟ್ಟಗಿದ್ದರೂ ಅದರೊಳಗಿನ ಹೊರೆ ವಾಲುತ್ತದೆ. ಈ ಒಳವಾಲನ್ನು ಯಾವ ಕಂಬಿಯೂ ತಡೆಯಲಾರದು. ಟ್ಯಾಂಕನ್ನು ಪೂರ್ತಿ ತುಂಬಬೇಕು, ಇಲ್ಲವೇ ಒಳಗೆ ಅಡ್ಡತಡಿಕೆಗಳಿರಬೇಕು. ಕ್ಯಾನುಗಳಲ್ಲಿ ಈ ತೊಂದರೆಯಿಲ್ಲ. ಆದರೆ ತೂಕದ ತೊಂದರೆಯುಂಟು. ಇಪ್ಪತ್ತು ಲೀಟರಿನ ಮೂವತ್ತೇಳು ಕ್ಯಾನು ಏರಿಸುವಷ್ಟರಲ್ಲಿ ನೀರೊಂದೇ ೭೪೦ ಕಿಲೋ. ಮುಕ್ಕಾಲು ಟನ್ನಿನ ಗಾಡಿಯ ಪಾಲು ಅಲ್ಲಿಗೆ ಮುಗಿಯಿತು. ಅದರ ಮೇಲೆ ಇನ್ನೊಂದು ವರಸೆ ಪೇರಿಸಿದರೆ ತೂಕವೂ ಎತ್ತರವೂ ಒಟ್ಟಿಗೇ ಏರಿದುವು.

ಕಾನೂನಿನ ದೃಷ್ಟಿಯನ್ನೂ ಮರೆಯುವಂತಿಲ್ಲ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡವನ್ನೋ, ಆರು ತಿಂಗಳವರೆಗಿನ ಸೆರೆಯನ್ನೋ, ಎರಡನ್ನೂ ಒಟ್ಟಿಗೋ ವಿಧಿಸಬಹುದೆಂದು ಹೇಳಿದೆ. ಆದ್ದರಿಂದ ಕಂಬಿ ಕೊಳ್ಳುವ ಮುನ್ನ ಆರ್.ಟಿ.ಓ. ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಲೇಸು. ಇನ್ನು, ಕಂಬಿ ಹಾಕಿಸಿದ ಮಾತ್ರಕ್ಕೆ ಪತ್ರದಲ್ಲಿ ನಮೂದಾದ ಹೊರೆ ಒಂದು ಸೇರೂ ಹೆಚ್ಚುವುದಿಲ್ಲ. ಮಿತಿಮೀರಿದ ಹೊರೆಗೆ ಅದೇ ತಿದ್ದುಪಡಿ ಇಟ್ಟಿರುವ ದಂಡ ಇಪ್ಪತ್ತು ಸಾವಿರ ರೂಪಾಯಿ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ ಎರಡು ಸಾವಿರ.

ಹಾಗಾದರೆ ಕಂಬಿ ಬೇಡವೆ? ಬೇಕು, ಆದರೆ ಅದರ ಸರದಿ ಬಂದಾಗ. ಮೊದಲು ಟೈರಿನ ಗಾಳಿ; ಆಮೇಲೆ ಷಾಕ್ ಅಬ್ಸಾರ್ಬರ್; ಆಮೇಲೆ ಕಮಾನು ಪಟ್ಟಿಗಳ ಬುಷ್ಷೂ, ಅವನ್ನು ಅಚ್ಚಿಗೆ ಬಿಗಿದಿರುವ ಬೋಲ್ಟುಗಳೂ. ಇವೆಲ್ಲ ಸರಿಯಾಗಿದ್ದು, ಹೊರೆಯೂ ಮಿತಿಯಲ್ಲಿದ್ದು, ಆಗಲೂ ಗಾಡಿ ಅತಿಯಾಗಿ ವಾಲುತ್ತಿದ್ದರೆ ಕಂಬಿಗೆ ದುಡ್ಡು ಹಾಕಬಹುದು. ಜೆ.ಸಿ. ರಸ್ತೆಯ ಅಂಗಡಿಯಿಂದ ತಂದರೂ, ಹೊರದೇಶದಿಂದ ತರಿಸಿದರೂ, ಅದು ನಿಮ್ಮ ಗಾಡಿಯ ಮಾದರಿಗೆಂದೇ ಮಾಡಿದ್ದಾಗಿರಬೇಕು. ಜೋಡಿಸುವಾಗ ಎಡ-ಬಲಗಳ ಅಳತೆ ಒಂದೇ ಸಮನಾಗಿರಬೇಕು. ಬೋಲ್ಟುಗಳ ಕೊನೆಯ ಬಿಗಿತವನ್ನು ಗಾಡಿಯ ಭಾರ ಚಕ್ರಗಳ ಮೇಲಿರುವಾಗಲೇ ಮಾಡಬೇಕು. ಕಂಬಿ ಮೇಲೆ ಕೆಳಗೆ ಆಡುವ ದಾರಿಯಲ್ಲಿ ಬ್ರೇಕಿನ ಪೈಪಾಗಲಿ, ಹೊಗೆಯ ಕೊಳವೆಯಾಗಲಿ, ಸ್ಟೆಪ್ನಿಯಾಗಲಿ ತಗುಲಕೂಡದು. ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಬೇಕು. ಚಾಸಿಗೆ ಬೆಸುಗೆ ಹಾಕಿ ಕೂರಿಸುತ್ತೇನೆನ್ನುವವರಿಗೆ ದೂರದಿಂದಲೇ ನಮಸ್ಕಾರ ಮಾಡಿ ಬರಬೇಕು.

ನೀರಿನ ಗೃಹಸ್ಥರಿಗೆ ನಾನು ಇಷ್ಟನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಅಂದರೆ ಓಲಾಟಕ್ಕೆ ಷಾಕು, ವಾಲೋದಕ್ಕೆ ಕಂಬಿ, ಉರುಳೋದಕ್ಕೆ ನಾನೇ ಅನ್ನಿ” ಎಂದರು. ಇದಕ್ಕಿಂತ ಚೆನ್ನಾಗಿ ನಾನು ಪಾಠ ಮಾಡಲಾರೆ. ಆ ವಾರದಿಂದ ಅವರ ಗಾಡಿಯಲ್ಲಿ ಮೇಲಿನ ವರಸೆಯ ಕ್ಯಾನುಗಳು ಕಾಣುತ್ತಿಲ್ಲ. ಒಂದು ಸುತ್ತಿನ ಬದಲು ಎರಡು ಸುತ್ತು ಬರುತ್ತಾರೆ. ನಮ್ಮ ಮನೆಗೆ ನೀರು ಅರ್ಧ ಗಂಟೆ ತಡವಾಗಿ ಬರುತ್ತದೆ.

ಆ ಅರ್ಧ ಗಂಟೆಯ ವಿಷಯವಾಗಿಯೇ ವಾಚಕರಲ್ಲಿ ನನ್ನ ಅರಿಕೆ. ಪಿಕಪ್ಪು ನಮ್ಮ ನಿಮ್ಮ ಸ್ವಂತದ್ದಲ್ಲದಿರಬಹುದು. ಅದರ ವೇಗವನ್ನೂ ಎತ್ತರವನ್ನೂ ಗೊತ್ತುಮಾಡುವವರಲ್ಲಿ ನಾವೂ ಸೇರಿದ್ದೇವೆ. ‘ಇನ್ನೂ ಏಕೆ ಬರಲಿಲ್ಲ?’ ಎಂದು ಫೋನಿನಲ್ಲಿ ಗದರುವವರು ನಾವು; ಮನೆ ಬದಲಾಯಿಸುವಾಗ ‘ಒಂದೇ ಸಲಕ್ಕೆ ಎಲ್ಲವನ್ನೂ ಹಾಕಿಬಿಡಿ, ಎರಡನೆಯ ಬಾಡಿಗೆ ಯಾರು ಕೊಡುತ್ತಾರೆ’ ಎನ್ನುವವರು ನಾವು. ಮುಂದಿನ ಬಾರಿ ಸಾಮಾನು ಏರಿಸುವಾಗ ಯಜಮಾನರೂ ಮನೆಯಾಕೆಯೂ ಎರಡು ನಿಮಿಷ ಗಾಡಿಯ ಬಳಿ ನಿಲ್ಲಲಿ. ಬೀರು ಮಲಗಲಿ, ಗ್ರೈಂಡರು, ಬಟ್ಟೆ ಒಗೆಯುವ ಯಂತ್ರ, ಪುಸ್ತಕದ ಪೆಟ್ಟಿಗೆಗಳು ತಳದಲ್ಲಿ, ಎಡ-ಬಲ ಸಮನಾಗಿ ಕೂರಲಿ, ಹಾಸಿಗೆ, ದಿಂಬು, ಪ್ಲಾಸ್ಟಿಕ್ ಕುರ್ಚಿಗಳು ಮೇಲೇರಲಿ, ಎಲ್ಲವನ್ನೂ ಸರಿಯದಂತೆ ಹಗ್ಗದಿಂದ ಬಿಗಿಯಲಿ. ಹಿಡಿಸದಷ್ಟು ಉಳಿದರೆ ಎರಡನೆಯ ಬಾಡಿಗೆ ಕೊಟ್ಟುಬಿಡಿ. ಗಾಡಿಯ ಕೆಳಗೆ ಕಂಬಿಯಿದೆಯೋ ಇಲ್ಲವೋ ನಮಗೆ ಕಾಣುವುದಿಲ್ಲ. ಮೇಲೆ ಏನನ್ನು ಎಷ್ಟೆತ್ತರಕ್ಕೆ ಪೇರಿಸಿದ್ದೇವೆಂಬುದು ಕಾಣುತ್ತದೆ.